ಗಜಾಯದ ಕಿಂಡಿ

ಕನ್ಯಾ ನೋಡಲು ಬಂದ ಬೀಗರು ಮಾಳಿಗೆಯ ಕಿಂಡಿಯಲ್ಲಿ ಸಿಕ್ಕಿಹಾಕಿಕೊಂಡ ಸಂಗತಿ ದಾಂಡೇಲಿಯಲ್ಲಿ ಅದಕ್ಕೂ ಮೊದಲು ನಡೆದಿರಲಿಲ್ಲ. ನಡೆದಿದ್ದರೂ ಹುಡುಗಿಯ ಮನೆಯವರು ಬಾಯಿ ಬಿಟ್ಟಿರಲಿಕ್ಕಿಲ್ಲ. ಉಳವಪ್ಪನ ಮನೆಯಲ್ಲಿ ನಡೆದದ್ದನ್ನು ಮಾತ್ರ ಮುಚ್ಚಿಡುವ ಹಾಗಿರಲಿಲ್ಲ. ಬೀಗರ ಮೇಲಿನರ್ಧ ಇಡೀ ಓಣಿಗೆ ಕಾಣುತ್ತಿತ್ತು.

ಉಳವಪ್ಪ ಕಾಗದದ ಮಿಲ್ಲಿನಲ್ಲಿ ಫಿಟರ್ ಆಗಿದ್ದು ನಿವೃತ್ತನಾದವನು. ಕೈ ಸುಮ್ಮನಿರಲಿಲ್ಲ. ಇದ್ದ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿ, ಕಾಳಿ ನದಿಯಲ್ಲಿ ದೋಣಿ ಆಡಲು ಬರುವ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದೆಂದು ಹೊರಟ. ಪ್ಲ್ಯಾನ್ ಹಾಕಿದವಳು ಮಗಳು ರೂಪಾಲಿ. ಸಿವಿಲ್ ಡಿಪ್ಲೊಮಾ ಮುಗಿಸಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಸೈಟ್ ನೋಡಿಕೊಳ್ಳುತ್ತಿದ್ದ ಹುಡುಗಿ. ಜೋಯಿಡಾದಿಂದ ಹಳಿಯಾಳದವರೆಗೆ ಅವಳು ಏಣಿ ಹಾಕಿ ಹತ್ತದ ಮಾಳಿಗೆ ಕಡಿಮೆ.

ಆ ಹೊಸ ಅಂತಸ್ತಿನಿಂದ ಅದರ ಮೇಲಿನ ಬಯಲು ಮಾಳಿಗೆಗೆ ಮೆಟ್ಟಿಲು ಕಟ್ಟಿದರೆ ಒಂದು ಕೋಣೆ ಹೋಗುತ್ತದೆಂದು ಉಳವಪ್ಪ ಹಟ ಹಿಡಿದಾಗ, ರೂಪಾಲಿ ಸ್ಲ್ಯಾಬಿನಲ್ಲಿ ಒಂದು ಕಿಂಡಿ, ಅದಕ್ಕೊಂದು ಕಬ್ಬಿಣದ ಏಣಿ ತೋರಿಸಿದಳು. ಎರಡೂವರೆ ಅಡಿ ಅಗಲ, ಮೂರಡಿ ಉದ್ದ. ಮೇಲಿನ ಮುಚ್ಚಳ ಕೀಲಿಯಿಲ್ಲದೆ ಒಳಗಿನಿಂದ ತೆರೆಯಬೇಕು. ಏಣಿ ಗೋಡೆಯಿಂದ ಒಂದು ಗೇಣಿನಷ್ಟು ದೂರ ನಿಲ್ಲಬೇಕು, ಇಲ್ಲವಾದರೆ ಮೆಟ್ಟಿಲ ಮೇಲೆ ಪಾದ ಕೂರುವುದಿಲ್ಲ, ಬರೀ ಬೆರಳು ಕೂರುತ್ತದೆ. ಏಣಿಯ ಎರಡು ಕಂಬಗಳು ಕಿಂಡಿಯಿಂದ ಮೇಲಕ್ಕೂ ಹೋಗಿರಬೇಕು, ಹತ್ತಿದವರು ಹಿಡಿದುಕೊಳ್ಳಲಿಕ್ಕೆ. ಕಟ್ಟಡದ ನಿಯಮ ಬರೆದವರು ಯಾರೋ ಬಿದ್ದದ್ದನ್ನು ನೋಡಿಯೇ ಬರೆದಿದ್ದಾರೆ ಎಂದು ಅವಳು ಅಪ್ಪನಿಗೆ ಬಿಡಿಸಿ ಹೇಳಿದ್ದಳು. ಉಳವಪ್ಪ ಹೂಂಗುಟ್ಟಿದ್ದ. ಅವನು ಹೂಂಗುಟ್ಟಿದನೆಂದರೆ ಕೇಳಿಸಿಕೊಂಡಿಲ್ಲ ಎಂದೇ ಅರ್ಥ, ಅದು ಹೆಂಡತಿ ಸಿದ್ದಕ್ಕನಿಗೆ ಗೊತ್ತಿತ್ತು.

ಸ್ಲ್ಯಾಬು ಹಾಕಿದ್ದು ಅಳತೆಯಂತೆಯೇ ಆಯಿತು. ಆಮೇಲೆ ರೂಪಾಲಿ ಕೆಲಸದ ಮೇಲೆ ಸೂಪಾ ಕಡೆ ಹೋದಳು, ಇತ್ತ ಗೌಂಡಿ ಪುಂಡಲೀಕ ಗಿಲಾವು ಮಾಡಲು ಬಂದ. ಪುಂಡಲೀಕನಿಗೆ ಬಾಗಿಲು ಕಂಡರೂ ಆಯ ನೋಡಬೇಕು, ಕಿಟಕಿ ಕಂಡರೂ ಆಯ ನೋಡಬೇಕು. ಉದ್ದ ಅಗಲ ಅಳೆದು, ಗುಣಿಸಿ, ಭಾಗಿಸಿ, ಕೊನೆಗೆ ಉಳಿದ ಚೂರಿನಲ್ಲಿ ಮನೆಯವರ ಹಣೆಬರಹ ಓದುವ ವಿದ್ಯೆ ಅದು. ಕಿಂಡಿಯ ಕೆಳಗೆ ನಿಂತು ಬೆರಳು ಮಡಚಿ ಲೆಕ್ಕ ಹಾಕಿದವನು ಹೌಹಾರಿದ.

"ಮಾಲಕರ, ಧೂಮ್ರಾಯ ಬರಾಕತ್ತೈತ್ರಿ. ನೆತ್ತಿ ಮ್ಯಾಲ ಹೊಗಿ ಇಟಗೊಂಡು ಮಲಗ್ತೀರೇನು?"

ಉಳವಪ್ಪ ಪೆನ್ಸಿಲು ಕಾಗದ ತಂದ. ಇಬ್ಬರೂ ಕೂತು ಮತ್ತೆ ಭಾಗಿಸಿದರು. ಸುತ್ತಲೂ ಒಳಗಡೆಯಿಂದ ಇಟ್ಟಿಗೆ ಕಟ್ಟಿ ಕಿಂಡಿಯನ್ನು ಕಿರಿದು ಮಾಡಿದರೆ ಗಜಾಯ ಬರುತ್ತಿತ್ತು. ಆನೆಯ ಆಯ, ಮನೆಗೆ ಐಶ್ವರ್ಯ. ಕಟ್ಟಿಯೇ ಬಿಟ್ಟರು. ಫಿಟರ್ ಅಂದ ಮೇಲೆ ಏಣಿ ತಾನೇ ಮಾಡಬೇಕೆಂದು ಉಳವಪ್ಪ ಅದನ್ನು ಬೆಸುಗೆ ಹಾಕಿ, ಓಡಾಡುವವರ ತಲೆಗೆ ತಾಗದಿರಲೆಂದು ಗೋಡೆಗೆ ಅಂಟಿಸಿ ಬೋಲ್ಟು ಬಿಗಿದ. ಮುಚ್ಚಳಕ್ಕೆ ಅಡ್ಡ ಬರುತ್ತದೆಂದು ಕಂಬಗಳ ತುದಿಯನ್ನೂ ಕತ್ತರಿಸಿದ.

ವಾಪಸು ಬಂದ ರೂಪಾಲಿ ಕಿಂಡಿ ನೋಡಿ ಚೀಲ ಅಲ್ಲೇ ಕೆಳಗಿಟ್ಟಳು.

"ಅಪ್ಪಾ, ಇದರಾಗ ಬೆಕ್ಕು ಹೋಗಬಹುದು, ಮನಷ್ಯಾ ಹೋಗೂದಿಲ್ಲ."

"ಬೆಕ್ಕು ಹೋಗ್ಲಿ ಬಿಡು. ಮಂಗ್ಯಾ ಬರಬಾರದು, ಅಷ್ಟ."

"ಬೆಂಕಿ ಬಿದ್ದರ ಜನಾ ಎಲ್ಲಿಂದ ಹೊರಗ ಹೋಗಬೇಕು?"

"ಗಜಾಯದ ಮನಿಗೆ ಬೆಂಕಿ ಯಾಕ ಬೀಳತೈತಿ?" ಎಂದು ಉಳವಪ್ಪ ಕೇಳಿದ. ಇದಕ್ಕೆ ಡಿಪ್ಲೊಮಾದಲ್ಲಿ ಉತ್ತರ ಕಲಿಸಿರಲಿಲ್ಲ.

ಅಷ್ಟರಲ್ಲಿ ಕನ್ಯಾ ನೋಡುವ ಸಂಗತಿ ಬಂದದ್ದರಿಂದ ಕಿಂಡಿಯ ಜಗಳ ಹಾಗೇ ಉಳಿಯಿತು. ಹುಡುಗ ಉದಯಕುಮಾರ, ಕ್ಯಾಸಲ್‌ರಾಕಿನಲ್ಲಿ ರೈಲ್ವೆ ನೌಕರ. ನೋಡುವುದೆಂಬುದು ಹೆಸರಿಗೆ ಮಾತ್ರ. ಅಲ್ಲಿಯ ಒಂದು ಹಳೆಯ ಕಟ್ಟಡದ ಮಾಳಿಗೆ ಸೋರುತ್ತದೆಂದು ರೂಪಾಲಿ ಕೆಲಸಕ್ಕೆ ಹೋದಾಗಲೇ ಇಬ್ಬರೂ ಬೇಕಾದಷ್ಟು ನೋಡಿಕೊಂಡಿದ್ದರು. ಮೊದಲ ದಿನ ಅವನು ಏಣಿ ಅಲುಗಾಡಿತೆಂದು ಹಿಡಿದ. ಮರುದಿನ ಅಲುಗಾಡದಿದ್ದರೂ ಹಿಡಿದ. ಕೆಲಸ ಮುಗಿದು, ಏಣಿಯನ್ನು ಟೆಂಪೊಗೆ ಹೇರುವಾಗಲೂ ಹಿಡಿದುಕೊಂಡೇ ಇದ್ದ. ಅವಳಿಗೆ ಇಷ್ಟವಾದದ್ದು ಅದೇ. ಮೇಲೆ ಹೋಗಬೇಡ ಎನ್ನುವ ಗಂಡಸರನ್ನು ಅವಳು ರಾಶಿ ನೋಡಿದ್ದಳು, ಹೋಗು ನಾನು ಹಿಡಿದಿರುತ್ತೇನೆ ಎನ್ನುವವನನ್ನು ನೋಡಿರಲಿಲ್ಲ.

ಉದಯಕುಮಾರನ ತಂದೆ ಮಹಾಬಳೇಶ್ವರರು ಅಗ್ನಿಶಾಮಕ ಠಾಣೆಯ ಅಧಿಕಾರಿಯಾಗಿದ್ದು ನಿವೃತ್ತರಾಗಿ ಹಳಿಯಾಳದಲ್ಲಿ ಮನೆ ಮಾಡಿದವರು. ಯಾರ ಮನೆಗೆ ಹೋದರೂ ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕೆಂದು ನೋಡದೆ ಕೂರುವವರಲ್ಲ. ಮದುವೆಯ ಊಟಕ್ಕೆ ಹೋದರೂ ಹೊರಬಾಗಿಲ ಹತ್ತಿರದ ಎಲೆಯೇ ಬೇಕು. ಸುರಕ್ಷತೆಗಾಗಿ ಎಂದು ಅವರು ಹೇಳುತ್ತಿದ್ದರು. ಬಡಿಸುವವರು ಮೊದಲು ಅಲ್ಲಿಗೇ ಬರುತ್ತಾರೆಂಬುದು ಅವರ ಹೆಂಡತಿ ಗಿರಿಜಾಬಾಯಿಯ ಅಭಿಪ್ರಾಯ. ಅವರ ಹೊಟ್ಟೆಯನ್ನು ನೋಡಿದವರು ಗಿರಿಜಾಬಾಯಿಯ ಕಡೆಗೇ ವಾಲುತ್ತಿದ್ದರು.

ರವಿವಾರ ಬೆಳಿಗ್ಗೆ ಮೂವರೂ ಬಂದರು. ಅವಲಕ್ಕಿ ಆಯಿತು, ಚಹಾ ಆಯಿತು, ಊಟವೂ ಆಯಿತು, ಮೇಲೆ ಮತ್ತೊಂದು ಚಹಾ ಆಯಿತು. ಸಿದ್ದಕ್ಕ ಬೀಗರ ತಾಟಿಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿದಳು. ಬೇಡ ಅನ್ನುವುದು ಅವರ ಮರ್ಯಾದೆ, ಹಾಕುವುದು ಇವಳ ಮರ್ಯಾದೆ. ಎರಡೂ ಮರ್ಯಾದೆ ಸೇರಿ ಹೊಟ್ಟೆ ತುಂಬಿತು. ಮಹಾಬಳೇಶ್ವರರು ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡರು.

"ಹುಡುಗಿ ಛಲೋ ಅದಾಳ, ಮನಿತನಾ ಛಲೋ ಐತಿ. ಒಂದ ಮಾತು ಮೊದಲ ಹೇಳಿಬಿಡ್ತೇನಿ. ಲಗ್ನ ಆದ ಮ್ಯಾಲ ಈ ನಿಚ್ಚಣಿಕಿ ಹತ್ತೂ ಕೆಲಸ ಬ್ಯಾಡ. ನಿಚ್ಚಣಿಕಿಯಿಂದ ಬಿದ್ದವರನ್ನ ಎತ್ತಿ ಗಾಡಿಗೆ ಹಾಕಿದ ಕೈ ಇವು. ನನ್ನ ಸೊಸಿನ್ನ ಹಂಗ ಎತ್ತೂದು ನನಗ ಆಗೂದಿಲ್ಲ."

ರೂಪಾಲಿ ಉದಯಕುಮಾರನ ಮುಖ ನೋಡಿದಳು. ಅವನು ಖಾಲಿ ಚಹಾ ಕಪ್ಪಿನೊಳಗೆ ನೋಡಿದ. ಈ ಹುಡುಗ ಅಪ್ಪನ ಎದುರು ಬಾಯಿ ಬಿಟ್ಟವನೇ ಅಲ್ಲವೆಂದು ಅವಳಿಗೆ ಆಗ ಗೊತ್ತಾಯಿತು. ಮುದುಕರ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಅವನ ಮೇಲೆ ಬಂತು. ಕೆಲಸ ಬಿಟ್ಟರೆ ಈ ಮದುವೆ, ಮದುವೆ ಬಿಟ್ಟರೆ ಕೆಲಸ. ಎರಡೂ ಬೇಕಾಗಿತ್ತು ಅವಳಿಗೆ, ಅದರಲ್ಲಿ ಅತಿಯಾಸೆ ಏನೂ ಅವಳಿಗೆ ಕಾಣಲಿಲ್ಲ.

ಬಾಯಿಗೆ ಬಂದದ್ದನ್ನು ಅವಳು ಆಡಿಬಿಡುವ ಮೊದಲು ಉಳವಪ್ಪ ಎದ್ದ. "ಬರ್ರಿ ಬೀಗರ, ಮ್ಯಾಲಿನ ಮನಿ ನೋಡೂಣು." ಮಾತು ಕೆಟ್ಟಲ್ಲಿ ಮನೆ ತೋರಿಸುವುದು ಅವನ ಪದ್ಧತಿ.

ಮೇಲೆ ಹೋದವರೇ ಮಹಾಬಳೇಶ್ವರರು ಎಲ್ಲ ಬಿಟ್ಟು ಏಣಿಯ ಹತ್ತಿರ ನಿಂತರು. ಕಣ್ಣು ಹೊಳೆಯಿತು. ಮಾಳಿಗೆಗೆ ದಾರಿ ಇಟ್ಟ ಮನೆಯನ್ನು ಅವರು ಎಷ್ಟೋ ದಿನದಿಂದ ನೋಡಿರಲಿಲ್ಲ.

"ಭೇಷ್. ಹತ್ತಿ ನೋಡ್ತೇನಿ."

"ಬ್ಯಾಡ್ರಿ ಕಾಕಾರ," ಎಂದಳು ರೂಪಾಲಿ. "ಕಿಂಡಿ ಸಣ್ಣದಾಗೇತಿ."

ಸಣ್ಣದು ಎಂದದ್ದೇ ತಪ್ಪಾಯಿತು. ಅವರು ಆ ಮಾತನ್ನು ಕಿಂಡಿಯ ಬಗ್ಗೆ ಎಂದುಕೊಳ್ಳದೆ ತಮ್ಮ ಹೊಟ್ಟೆಯ ಬಗ್ಗೆ ಎಂದುಕೊಂಡರು. "ಹೊಗಿ ತುಂಬಿದ ಮನ್ಯಾಗ ನುಗ್ಗಿದವ ನಾನು, ತಂಗಿ," ಎಂದು ಉಳವಪ್ಪನ ಕಡೆ ತಿರುಗಿದರು. "ಏನಂತೀರಿ, ಹಿಡಸೂದಿಲ್ಲೇನು ನಾನು?"

ಮನೆಗೆ ಬಂದ ಬೀಗರಿಗೆ ನೀವು ಹಿಡಿಸುವುದಿಲ್ಲ ಎಂದು ಯಾವ ಹೆಣ್ಣಿನ ತಂದೆಯಾದರೂ ಹೇಳಿದ್ದುಂಟೆ? "ಛೆ ಛೆ, ಆರಾಮ ಹೋಗ್ತೀರಿ ಬಿಡ್ರಿ," ಎಂದ ಉಳವಪ್ಪ. ಸಿದ್ದಕ್ಕನೂ ತಲೆಯಾಡಿಸಿದಳು. ಗಿರಿಜಾಬಾಯಿ ಮಾತ್ರ ಗೋಡೆಗೆ ಒರಗಿ, ನಾಟಕ ನೋಡಲು ಕೂತವರ ಹಾಗೆ ಕೈಕಟ್ಟಿದರು.

ಮಹಾಬಳೇಶ್ವರರು ಏರಿದರು, ಮುಚ್ಚಳ ತಳ್ಳಿದರು. ತಲೆ ಹೋಯಿತು, ಭುಜ ಓರೆಯಾಗಿ ಹೋಯಿತು. ಹೊಟ್ಟೆಯ ಸರದಿ ಬಂದಾಗ ದೊಡ್ಡದಾಗಿ ಉಸಿರು ಎಳೆದುಕೊಂಡು ಮೇಲಕ್ಕೆ ಒತ್ತಿದರು. ಅರ್ಧ ಹೊಟ್ಟೆ ಮೇಲೆ ಬಂತು. ಗೆದ್ದೆನೆಂದುಕೊಂಡು ಉಸಿರು ಬಿಟ್ಟರು. ಅಲ್ಲಿಗೆ ಮುಗಿಯಿತು.

ಮೇಲಕ್ಕೆ ಒತ್ತಲು ಪಾದಕ್ಕೆ ಆಸರೆಯಿಲ್ಲ, ಗೋಡೆಗೆ ಅಂಟಿದ ಏಣಿಯಲ್ಲಿ ಬರೀ ಹೆಬ್ಬೆರಳು ನಿಂತಿತ್ತು. ಎಳೆದುಕೊಳ್ಳೋಣವೆಂದರೆ ಮೇಲೆ ಹಿಡಿಯಲು ಕಂಬವಿಲ್ಲ. ಕೆಳಗೆ ಉಳವಪ್ಪ, ಉದಯಕುಮಾರ ಒಂದೊಂದು ಕಾಲು ಹಿಡಿದು ಎಳೆದರು. ಅಂಗಿಯ ಗುಂಡಿಗಳು ಮಾತ್ರ ಕೆಳಗೆ ಬಂದವು, ಬೀಗರು ಬರಲಿಲ್ಲ.

"ಅಗ್ನಿಶಾಮಕದವರಿಗೆ ಫೋನ್ ಮಾಡ್ಲ್ಯಾ ಅಪ್ಪಾ?" ಎಂದ ಉದಯಕುಮಾರ.

"ಮಾಡಿದರ ನೋಡು," ಎಂದು ಸ್ಲ್ಯಾಬಿನ ಮೇಲಿನಿಂದ ದನಿ ಬಂತು. "ಅವೆಲ್ಲಾ ನಾ ತಯಾರ ಮಾಡಿದ ಹುಡುಗರು. ಅವರು ಬರೂದರಾಗ ಇಲ್ಲೇ ಸಾಯ್ತೇನಿ."

ಉಳವಪ್ಪ ಏಣಿಯ ಬುಡದಲ್ಲಿ ಕುಕ್ಕರಿಸಿದ. ಗಜಾಯವನ್ನೂ ಪುಂಡಲೀಕನನ್ನೂ ಸೇರಿಸಿ ಬೈದುಕೊಂಡ, ಆಮೇಲೆ ಮಗಳ ಮುಖ ನೋಡಿದ. ರೂಪಾಲಿ ಆಗಲೇ ಇಳಕಲ್ ಸೀರೆಯ ನಿರಿಗೆ ಮೇಲೆತ್ತಿ ಸಿಕ್ಕಿಸಿ, ಉಳಿ ಸುತ್ತಿಗೆ ಹುಡುಕುತ್ತಿದ್ದಳು.

ಮಾಳಿಗೆಗೆ ಹೋಗಲು ಉಳಿದ ದಾರಿ ಪಕ್ಕದ ಮನೆಯ ಶಿವಗಂಗವ್ವನ ಹೊರಮೆಟ್ಟಿಲು. ಅವಳ ಮಾಳಿಗೆಯಲ್ಲಿ ಸಂಡಿಗೆ ಒಣಗುತ್ತಿತ್ತು, ಮಂಗಗಳನ್ನು ಓಡಿಸಲು ಕೋಲು ಹಿಡಿದು ಅವಳು ಕೂತಿದ್ದಳು. ಪಕ್ಕದ ಮಾಳಿಗೆಯಿಂದ ಒಂದು ರುಂಡ ಎದ್ದು ಬಂದದ್ದನ್ನು ಮೊದಲಿನಿಂದಲೂ ನೋಡಿದವಳು ಅವಳೊಬ್ಬಳೇ.

"ಯಾರವ್ವಾ ಅವರು? ನಾ ಇಲ್ಲಿಂದ ಶರಣ್ರಿ ಅಂದೆ, ಅವರೂ ಶರಣ್ರಿ ಅಂದ್ರು. ಆಮ್ಯಾಲ ಏನೂ ಮಾತಿಲ್ಲ."

"ನನ್ನ ಮಾವ ಆಗಬೇಕಾದವರಬೇ," ಎಂದಳು ರೂಪಾಲಿ. "ಒಂದು ಬೋಗೋಣಿ ಕೊಡು."

ನಡುವಿನ ಕಟ್ಟೆ ದಾಟಿ ಹೋದಾಗ ಮಹಾಬಳೇಶ್ವರರು ಬಿಸಿಲಲ್ಲಿ ಕೆಂಪಗಾಗಿದ್ದರು. ನೀರಿನ ಟಾಕಿಯ ಮೇಲೆ ಎರಡು ಮಂಗಗಳು ಕೂತು, ಇವರು ಮುಂದೇನು ಮಾಡುತ್ತಾರೆಂದು ಕಾಯುತ್ತಿದ್ದವು. ರೂಪಾಲಿ ಅವರ ಎದುರು ಮೊಣಕಾಲೂರಿ ಕೂತಳು. ಕನ್ಯಾ ನೋಡುವ ಶಾಸ್ತ್ರದಲ್ಲಿ ಹುಡುಗಿ ಹಿರಿಯರ ಎದುರು ತಲೆ ತಗ್ಗಿಸಬೇಕು. ಈಗ ತಗ್ಗಿಸದೆ ಅವರ ಮುಖವೇ ಕಾಣುವಂತಿರಲಿಲ್ಲ.

"ಸುತ್ತ ಕಟ್ಟಿದ ಇಟ್ಟಂಗಿ ಒಡೀತೇನ್ರಿ ಕಾಕಾರ. ನಾ ಇಟ್ಟ ಕಿಂಡಿ ಅದರ ಹಿಂದ ಐತಿ. ಕಣ್ಣಾಗ ಚೂರು ಬೀಳಬಾರದು, ಇದನ್ನ ಹಾಕ್ಕೊಳ್ರಿ." ಬೋಗೋಣಿಯನ್ನು ಅವರ ತಲೆಯ ಮೇಲೆ ಬೋರಲು ಹಾಕಿದಳು. ಸರ್ಕಾರ ಕೊಟ್ಟ ಹೆಲ್ಮೆಟ್ಟಿಗಿಂತ ಅದು ಚೆನ್ನಾಗಿಯೇ ಕೂತಿತು.

ಎಲ್ಲರ ಮನೆಗೂ ಮರಳು ಜಾಸ್ತಿ ಸಿಮೆಂಟು ಕಡಿಮೆ ಹಾಕುವ ಪುಂಡಲೀಕ, ಐಶ್ವರ್ಯ ಬರುವ ಜಾಗವೆಂದು ಇಲ್ಲಿ ಮಾತ್ರ ಧಾರಾಳವಾಗಿ ಸಿಮೆಂಟು ಹಾಕಿದ್ದ. ಉಳಿ ಟಣ್ ಎಂದು ಹಾರುತ್ತಿತ್ತು. ಪ್ರತಿ ಏಟಿಗೂ ಬೋಗೋಣಿಯೊಳಗಿಂದ ಒಂದು ನರಳಾಟ ಬರುತ್ತಿತ್ತು.

"ತಂಗಿ," ಎಂದರು ಕೊನೆಗೆ. "ನೀ ಕೆಲಸಾ ಬಿಡಬ್ಯಾಡ. ಬೇಕಾದ್ದ ಹತ್ತು, ಬೇಕಾದ್ದ ಕಟ್ಟು. ನನ್ನ ಇಲ್ಲಿಂದ ಬಿಡಸು."

ರೂಪಾಲಿಯ ಸುತ್ತಿಗೆ ನಿಂತಿತು. ಕೇಳಬೇಕೆಂದಿದ್ದ ಮಾತು ಇಷ್ಟು ಸುಲಭಕ್ಕೆ ಕೈಗೆ ಬಂದಿತ್ತು. ಹೂಂ ಎಂದರೆ ಸಾಕಿತ್ತು, ಓಣಿಯೆಲ್ಲ ಸಾಕ್ಷಿ. ಆದರೆ ಅವಳಿಗೆ ಆ ಮಾತು ರುಚಿಸಲಿಲ್ಲ. ಹೊಟ್ಟೆ ಹಿಸುಕಿ ಹೊರಡಿಸಿದ ಒಪ್ಪಿಗೆ ನಾಳೆ ಹೊಟ್ಟೆ ಸಡಿಲಾದೊಡನೆ ಒಳಗೆ ಹೋಗುತ್ತದೆ.

"ಹಿಂಗ ಸಿಕ್ಕೊಂಡಾಗ ಕೊಟ್ಟ ಮಾತು ನನಗ ಬ್ಯಾಡ್ರಿ. ಕೆಳಗ ಇಳೀರಿ, ನೀರು ಕುಡೀರಿ, ಆಮ್ಯಾಲ ಏನ ಹೇಳ್ತೀರಿ ಹೇಳ್ರಿ. ನೀವು ಬ್ಯಾಡ ಅಂದರೂ ನಾ ಈ ಇಟ್ಟಂಗಿ ಒಡಿಯಾಕಿನ."

ಹೇಳಿದ ಮೇಲೆ ಅವಳಿಗೆ ಅಳು ಬಂದ ಹಾಗಾಯಿತು. ಎಂಥ ಹುಚ್ಚಿ ನಾನು, ಬಾಯಿಗೆ ಬಂದ ತುತ್ತನ್ನು ಉಗುಳಿದೆ ಎಂದು ತನ್ನನ್ನೇ ಬೈದುಕೊಂಡು, ಆ ಸಿಟ್ಟನ್ನೆಲ್ಲ ಇಟ್ಟಿಗೆಯ ಮೇಲೆ ಹಾಕಿದಳು. ಒಂದು ಮೂಲೆ ಪಟ್ಟನೆ ಬಿಟ್ಟುಕೊಂಡು, ಸಂದಿಯಿಂದ ಕೆಳಗಿನ ಬೆಳಕು ಕಂಡಿತು. ಅದರ ಜೊತೆಗೇ ಕೆಳಗಿನ ಮಾತೂ ಕೇಳಿಸಿತು. ಉದಯಕುಮಾರ ಮಾತಾಡುತ್ತಿದ್ದ. ಅಪ್ಪನ ಎರಡೂ ಕಾಲುಗಳನ್ನು ಏಣಿಗೆ ಒತ್ತಿ ಹಿಡಿದು, ಆ ಕಾಲುಗಳಿಗೇ ಹೇಳುತ್ತಿದ್ದ.

"ಅಪ್ಪಾ, ರೂಪಾಲಿ ಕೆಲಸಾ ಬಿಡೂದಿಲ್ಲ. ನಾ ಬಿಡು ಅನ್ನೂದಿಲ್ಲ. ನಿಮಗ ಬೀಳ್ತಾಳ ಅಂತ ಅಂಜಿಕಿ ಇದ್ದರ ನಾ ನಿಚ್ಚಣಿಕಿ ಹಿಡೀತೇನಿ. ಮೊದಲಿಂದನೂ ನಾನ ಹಿಡದೇನಿ. ಇದನ್ನ ಆಗಲೇ ಹೇಳಬೇಕಿತ್ತು, ನಿಮ್ಮ ಮುಖ ನೋಡಿದರ ನನಗ ಬಾಯಿ ಬರೂದಿಲ್ಲ."

ಮುಖ ಇಲ್ಲದ ಅಪ್ಪನ ಎದುರು ಹುಡುಗನ ಬಾಯಿ ಸರಾಗವಾಗಿ ಓಡಿತ್ತು. ಆದರೆ ಆ ಮುಖ ಇಲ್ಲಿ, ಬೋಗೋಣಿಯ ಕೆಳಗೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ರೂಪಾಲಿ ಬೋಗೋಣಿಯನ್ನು ಸ್ವಲ್ಪ ಮೇಲೆತ್ತಿ ನೋಡಿದಳು.

"ಯಾರು ಮಾತಾಡಿದ್ದು ಕೆಳಗ?" ಎಂದು ಮಹಾಬಳೇಶ್ವರರು ಮೆಲ್ಲಗೆ ಕೇಳಿದರು.

"ಉದಯ ರೀ."

"ಅವಗ ಇಷ್ಟ ದನಿ ಐತೇನು?" ಎಂದು ಅವರು ಬೋಗೋಣಿಯನ್ನು ತಾವೇ ಕೆಳಗೆ ಎಳೆದುಕೊಂಡರು.

ರೂಪಾಲಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಕಾಲಿಗಾದರೂ ಹೇಳಿದನಲ್ಲ ಎಂದುಕೊಂಡಳು. ಉಳಿದ ಇಟ್ಟಿಗೆಗಳು ಅವಳ ಕೈಗೆ ಹಗುರಾಗಿ ಬಂದವು. ಎಲ್ಲವೂ ಬಿದ್ದ ಮೇಲೆ ಸ್ಲ್ಯಾಬಿನಲ್ಲಿ ಅವಳು ಬರೆದ ಅಳತೆಯ ಕಿಂಡಿ ಇತ್ತು, ಅದರ ನಡುವೆ ಮಹಾಬಳೇಶ್ವರರು ಸಡಿಲವಾಗಿ ನಿಂತಿದ್ದರು. ಕೆಳಗೆ ಉದಯಕುಮಾರ ಅಪ್ಪನ ಒಂದೊಂದು ಪಾದವನ್ನೂ ಕೈಯಲ್ಲಿ ಹಿಡಿದು ಒಂದೊಂದು ಮೆಟ್ಟಿಲಿಗೆ ಇಟ್ಟು ಇಳಿಸಿಕೊಂಡ. ಅವರ ಹಿಂದೆ ರೂಪಾಲಿಯೂ ಅದೇ ಕಿಂಡಿಯಿಂದ ಇಳಿದಳು. ಅವಳು ಇಳಿಯುವಾಗ ಅವನು ಏಣಿ ಹಿಡಿದಿದ್ದ.

ಕೆಳಗಿನ ಪಡಸಾಲೆಯಲ್ಲಿ ಮಹಾಬಳೇಶ್ವರರು ಗುಂಡಿ ಹರಿದ ಅಂಗಿಯಲ್ಲಿ ಕೂತು ಒಂದು ತಂಬಿಗೆ ನೀರು ಕುಡಿದರು. ಇನ್ನೊಂದು ತಂಬಿಗೆಯನ್ನೂ ಕುಡಿದರು. ಉಳವಪ್ಪ ಕೈ ಜೋಡಿಸಿದ.

"ತಪ್ಪು ನಂದ ಐತ್ರಿ ಬೀಗರ. ಮಗಳು ಬರೋಬ್ಬರಿ ಇಟ್ಟಿದ್ದಳು, ನಾ ಆಯ ನೋಡಿ ಸಣ್ಣದು ಮಾಡಿಸಿದೆ. ಗಜಾಯ ಬರ್ಲಿ ಅಂತ."

"ಬಂತಲ್ರಿ," ಎಂದರು ಗಿರಿಜಾಬಾಯಿ ಗಂಡನನ್ನು ನೋಡಿ. ಸಿದ್ದಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಮಹಾಬಳೇಶ್ವರರು ನಗಲಿಲ್ಲ. ಮುಖ ಬಿಗಿದುಕೊಂಡೇ ಇತ್ತು. ರೂಪಾಲಿ ಕೈಯಲ್ಲಿದ್ದ ಉಳಿಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಹೋಯಿತು, ಇನ್ನೇನು ಎದ್ದು ಹೊರಡುತ್ತಾರೆ ಎಂದುಕೊಂಡಳು.

"ನಿನ್ನ ಕಿಂಡಿಯೊಳಗ ನಾ ಹಿಡಸಿದೆ," ಎಂದರು ಅವರು. "ಆಯದಾಗ ಹಿಡಸಲಿಲ್ಲ."

"ಹೌದ್ರಿ."

"ನಮ್ಮ ಮನ್ಯಾಗ ಕಿಂಡಿನ ಇಲ್ಲ."

"ಇತ್ತು," ಎಂದರು ಗಿರಿಜಾಬಾಯಿ. "ಕಟ್ಟಿದವರು ಇಟ್ಟಿದ್ದರು. ಊರ ಮಂದಿಗೆಲ್ಲಾ ಬೆಂಕಿ ಬಿದ್ದರ ಹೆಂಗ ಓಡಬೇಕಂತ ಭಾಷಣ ಮಾಡೂ ಇವರು, ಮಂಗ್ಯಾ ಬರ್ತಾವಂತ ನಮ್ಮದಕ್ಕ ಕಾಂಕ್ರೀಟ್ ಹಾಕಿಸ್ಯಾರ. ಯಾರಿಗೂ ಹೇಳಬ್ಯಾಡ ಅಂದಾರ, ನಾನೂ ಇಲ್ಲೀತನಕ ಹೇಳಿಲ್ಲ."

ಮಹಾಬಳೇಶ್ವರರು ಹೆಂಡತಿಯನ್ನು ಕೆಕ್ಕರಿಸಿ ನೋಡಿದರು. ಆ ನೋಟ ಗಿರಿಜಾಬಾಯಿಗೆ ತಾಗಿದ ಹಾಗೆ ಕಾಣಲಿಲ್ಲ. ಆಮೇಲೆ ಮಗನನ್ನು ನೋಡಿದರು. ಈ ಸಲ ಉದಯಕುಮಾರ ಕಪ್ಪಿನೊಳಗೆ ನೋಡದೆ ಅವರನ್ನೇ ನೋಡಿದ.

"ಮುಂದಿನ ರವಿವಾರ ಹಳಿಯಾಳಕ್ಕ ಬಾ," ಎಂದರು ಮಹಾಬಳೇಶ್ವರರು ರೂಪಾಲಿಗೆ. "ನಿಮ್ಮ ಅಪ್ಪ ಅವ್ವನ್ನೂ ಕರಕೊಂಡ ಬಾ, ಲಗ್ನದ ಮಾತು ಮುಗಸೂಣು. ನೀರು ಕುಡದ ಮ್ಯಾಲ ಹೇಳಾಕತ್ತೇನಿ, ನೋಡು ಮತ್ತ." ಬಾಗಿಲ ಕಡೆ ನೋಡುತ್ತ ಸೇರಿಸಿದರು, "ಬರೂ ಮುಂದ ನಿನ್ನ ಅಳತಿ ಟೇಪ್ ತಗೊಂಡ ಬಾ. ನಮ್ಮ ಮಾಳಿಗಿಗೆ ಒಂದು ಕಿಂಡಿ ತಗೀಬೇಕು. ನಿಚ್ಚಣಿಕಿ ಬೇಕಾದರ ಅವ ಹಿಡೀತಾನ."

ರೂಪಾಲಿ ಉಳಿಯನ್ನು ಅಪ್ಪನ ಕೈಗೆ ಕೊಟ್ಟು, ಬಾಗಿಲ ಹಿಂದೆ ತೂಗುಹಾಕಿದ್ದ ಚೀಲದಿಂದ ಟೇಪು ತೆಗೆದುಕೊಂಡು ಬಂದಳು.

"ಟೇಪ್ ಈಗನ ಐತ್ರಿ ಮಾವಾರ. ಕಿಂಡಿ ಅಂದ ಮ್ಯಾಲ ಮನ್ಯಾಗಿನ ಎಲ್ಲಾರಕಿಂತ ದೊಡ್ಡ ಮನಷ್ಯಾ ಹಿಡಸಬೇಕು. ಸ್ವಲ್ಪ ಎದ್ದು ನಿಂತು ಕೈ ಎತ್ರಿ."

ಬೆಳಗಿನಿಂದ ಹುಡುಗಿಯನ್ನು ನೋಡಿ ಅಳೆಯಲು ಬಂದ ಹಿರಿಯರು ಪಡಸಾಲೆಯ ನಡುವೆ ಎದ್ದು ನಿಂತು ಎರಡೂ ಕೈ ಮೇಲೆತ್ತಿದರು. ಟೇಪು ಹೊಟ್ಟೆಗೆ ತಾಗಿದೊಡನೆ ಗಟ್ಟಿಯಾಗಿ ಉಸಿರು ಎಳೆದುಕೊಂಡರು.

"ಉಸರು ಬಿಡ್ರಿ ಮಾವಾರ," ಎಂದಳು ರೂಪಾಲಿ. "ಖರೇ ಅಳತಿ ಬೇಕು."

ಮಹಾಬಳೇಶ್ವರರು ಉಸಿರು ಬಿಟ್ಟರು.